ಯಾರೂ ಕೇಳದ ಅಜ್ಜಿಯ ಮಾತು

“ಕೇಳಿರಿ! ಹಿಮದ ಕರಾವಳಿಯ ದೊರೆ ತುಗಾಕನ ಅಪ್ಪಣೆ! ಜಲಸಂಧಿಯಲ್ಲಿ ಕೂತ ರಾಕ್ಷಸಿ ಮೂರು ಒಗಟು ಹಾಕಿದ್ದಾಳೆ. ಉತ್ತರ ಸಿಗುವವರೆಗೆ ಸೀಲ್ ಬೇಟೆಗೆ ದೋಣಿ ಬಿಡಳಂತೆ. ಗೆದ್ದವರು ಕೇಳಿದ್ದನ್ನು ದೊರೆ ಕೊಡುತ್ತಾರೆ, ಸೋತವರನ್ನು ಅವಳು ನುಂಗುತ್ತಾಳೆ. ದ್ವೀಪದವರು ಬರಕೂಡದು. ಅವರದು ನಮ್ಮ ಮಾತಿನ ಮುರುಕು!” ಎಂದು ಡಂಗುರ ಸಾರಿದರು.

ಮುರುಕಂತೆ! ಊರಿನ ಮಕ್ಕಳು ಹಸಿದು ಅಳುವಾಗಲೂ ಜಂಬಕ್ಕೇನೂ ಕಮ್ಮಿಯಿಲ್ಲ.

ರಾಕ್ಷಸಿ ಮೊದಲನೆಯದನ್ನು ಕೇಳಿದಳು. “ಎರಡು ಮನೆಯವರ ಬಾಯಲ್ಲೂ ಇದ್ದಾಳೆ, ಅವಳ ದನಿ ಕೇಳಿದವರು ಯಾರೂ ಇಲ್ಲ. ಯಾರವಳು?”

“ಗಾಳಿ” ಎಂದ ಮಂತ್ರಿಯ ಮಗ. ನುಂಗಿದಳು. “ನಮ್ಮ ದೊರೆಯ ಕೀರ್ತಿ” ಎಂದ ಆಸ್ಥಾನದ ಕವಿ. ಅವನನ್ನೂ ನುಂಗಿದಳು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಅರಮನೆಯಲ್ಲಿ ತೊಗಲು ಹೊಲಿಯುತ್ತಿದ್ದ ದ್ವೀಪದ ಹುಡುಗಿ ಉಲಾಯ ಎದ್ದು ರಾಕ್ಷಸಿಯತ್ತ ನಡೆದಳು. ದೊರೆ ಗದರಿದ.

“ಹಸಿವಿಗೆ ನಮ್ಮವರು ನಿಮ್ಮವರು ಅಂತಿದೆಯೇ, ಒಡೆಯಾ?” ಎಂದವಳೇ ರಾಕ್ಷಸಿಗೆ ಹೇಳಿದಳು: “ಅವರ ಮಾತನ್ನೂ ನಮ್ಮ ಮಾತನ್ನೂ ಹೆತ್ತ ಹಳೆಯ ಮಾತು, ನಮ್ಮೆಲ್ಲರ ಅಜ್ಜಿ.”

ರಾಕ್ಷಸಿ ತಲೆಯಾಡಿಸಿ ಎರಡನೆಯದನ್ನು ಕೇಳಿದಳು. “ಅವಳು ಬಿಟ್ಟುಹೋದದ್ದನ್ನು ಹೇಗೆ ಗುರುತಿಸುತ್ತೀ?”

“ಎರಡೂ ಮಾತನ್ನು ಪಕ್ಕಪಕ್ಕ ಇಡುತ್ತೇನೆ. ಒಂದು ಪದ ಹೋಲಿದರೆ ನಂಬುವುದಿಲ್ಲ, ಒಬ್ಬರಿಂದೊಬ್ಬರು ಕೇಳಿ ಕಲಿತದ್ದಿರಬಹುದು. ಅವರು ಒಂದು ದನಿ, ‘ಪ’ ಎನ್ನಿ, ನುಡಿಯುವ ಪದಗಳಲ್ಲೆಲ್ಲ ನಾವು ತಪ್ಪದೆ ಇನ್ನೊಂದನ್ನು, ‘ಹ’ ಎನ್ನಿ, ನುಡಿದರೆ, ಆ ಪದಗಳು ಅವಳವು. ಒಂದೇ ಮನೆಯ ಮಾತಿನಲ್ಲಿ ಸಿಕ್ಕ ಪದದ ಬಗ್ಗೆ ಗೊತ್ತಿಲ್ಲ ಎನ್ನುತ್ತೇನೆ.”

“ಮೂರನೆಯದು. ಈಗ ಅವಳೆಲ್ಲಿ?”

“ನಮ್ಮ ಮಾತೇ ಅವಳು!” ದಡದಿಂದ ದೊರೆ ಕೂಗಿದ. ರಾಕ್ಷಸಿ ಅವನತ್ತ ಬಾಯಿ ತೆರೆದಳು.

ಉಲಾಯಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ನಡುವೆ ನಿಂತಳು. “ಒಡೆಯಾ, ನಿಮ್ಮ ತಾಯಿ ತೀರಿಕೊಂಡಾಗ ಆಕೆಯ ಹೆಸರನ್ನು ನಿಮ್ಮ ಕೂಸಿಗೂ ಇಟ್ಟಿರಿ, ಬೇಟೆಗಾರನ ಕೂಸಿಗೂ ಇಟ್ಟಿರಿ. ನಮ್ಮ ಎರಡೂ ಕಡೆಯವರಲ್ಲಿ ಹೆಸರು ಬಂದರೆ ಸತ್ತವರೇ ಬಂದಂತೆ. ಅದಕ್ಕೇ ಇಬ್ಬರನ್ನೂ ಅವ್ವಾ ಎನ್ನುತ್ತೀರಿ. ಹೇಳಿ, ಅವರಲ್ಲಿ ಮುರುಕು ಯಾರು?”

ಆಮೇಲೆ ರಾಕ್ಷಸಿಯತ್ತ ತಿರುಗಿದಳು.

“ಹಾಗೆಯೇ ಅವಳೂ ಎರಡೂ ಮಾತಿನಲ್ಲಿದ್ದಾಳೆ” ಎಂದಳು ಉಲಾಯ. ರಾಕ್ಷಸಿ ನೀರಿಗಿಳಿದು ಹೋದಳು. ದೋಣಿಗಳು ಹೊರಟವು.

“ಏನು ಬೇಕು, ಕೇಳು” ಎಂದ ದೊರೆ.

“ಆ ಡಂಗುರದ ಮಾತು ತಪ್ಪೆಂದು ನೀವೇ ಸಾರಬೇಕು. ನಮ್ಮ ದ್ವೀಪದ ಮಾತಿನಲ್ಲಿ.”

ದೊರೆ ದಡದಲ್ಲಿ ನಿಂತು ಸಾರಿದ. ಪದಪದಕ್ಕೂ ತಡವರಿಸಿದ. ದ್ವೀಪದವರು ಕೊನೆಯವರೆಗೂ ಕೇಳಿಸಿಕೊಂಡರು, ಅದನ್ನು ಮುರುಕು ಎಂದು ಒಬ್ಬರೂ ಅನ್ನಲಿಲ್ಲ. ನಾನಾಗಿದ್ದರೆ ಅಂದೇಬಿಡುತ್ತಿದ್ದೆ.