ಇಬ್ಬರೂ ಬಲು ನಯವಾಗಿ ಬರೆದರು

"ಗುರುಗಳೇ, ಕೈಕೆಳಗಿನವರಿಗೆ ಹೇಳಲು ಕಷ್ಟವಾದ ಮಾತನ್ನೆಲ್ಲ ಈಗ ಎಐ ನನಗಿಂತ ಚೆನ್ನಾಗಿ ಬರೆದುಕೊಡುತ್ತದೆ. ಇನ್ನು ಎದುರು ನಿಂತು ಮಾತಾಡುವುದನ್ನು ನಾನೇಕೆ ಕಲಿಯಬೇಕು?" ಎಂದು ಶಿಷ್ಯ ಕೇಳಿದ. ಅವನು ಒಂದು ಕಂಪನಿಯ ಮ್ಯಾನೇಜರ್.

"ಕಲಿಯಬೇಡ ಬಿಡು, ಯಾರು ಬಲವಂತ ಮಾಡಿದರು?" ಎಂದರು ಗುರುಗಳು. "ಬಂದದ್ದಕ್ಕೆ ಕತೆಯನ್ನಾದರೂ ಕೇಳಿ ಹೋಗು."

ಒಬ್ಬ ಸಾಹುಕಾರ ಮಗ್ಗದ ಕಾರ್ಖಾನೆ ಇಟ್ಟಿದ್ದ. ಮದುವೆಯ ಕಾಲಕ್ಕೆ ಸೀರೆಗಳಿಗೆ ದೊಡ್ಡ ಬೇಡಿಕೆ ಬಂತು. ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಕಾರ್ಖಾನೆಯೇ ಮುಚ್ಚುವ ಸ್ಥಿತಿ. ನೇಕಾರರು ಇನ್ನು ನಸುಕಿನಲ್ಲೇ ಬರಬೇಕಿತ್ತು. ಮೊದಲೆಲ್ಲ ಇಂಥ ಮಾತಿದ್ದರೆ ಸಾಹುಕಾರ ಮಗ್ಗಗಳನ್ನು ನಿಲ್ಲಿಸಿ, ನಡುವೆ ನಿಂತು ಹೇಳುತ್ತಿದ್ದ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದಲ್ಲ! ಈ ಸಲ ಅವರ ಮುಖ ನೋಡಲು ಅವನಿಗೆ ಅಳುಕು. ಎಐಯಿಂದ ಬರೆಸಿ ಎಲ್ಲರ ಮೊಬೈಲಿಗೆ ಕಳಿಸಿದ. ಅಬ್ಬಾ, ಎಂಥ ಒಕ್ಕಣೆ! ಒಡಹುಟ್ಟಿದ ಅಣ್ಣನೂ ಅಷ್ಟು ಅಕ್ಕರೆಯಿಂದ ಬರೆಯಲಾರ.

ನೇಕಾರರಲ್ಲಿ ನೀಲವ್ವ ಎಂಬಾಕೆ ಅದನ್ನು ಓದಿ ಸಿಡಿದೆದ್ದಳು. "ಮೊಲೆಯುಣ್ಣುವ ಕೂಸನ್ನು ನಸುಕಿನಲ್ಲಿ ಯಾರ ಕೈಗೆ ಕೊಟ್ಟು ಬರಲಿ? ಈ ಸಾಹುಕಾರನಿಗೆ ಕಣ್ಣಿಲ್ಲವೇ?" ಎಂದು ಉತ್ತರ ಬರೆಯಲು ಮೊಬೈಲಿಗೆ ಹೇಳಿದಳು. ಅದರಲ್ಲಿಯೂ ಎಐ ಇತ್ತು. ಅದು ತಿದ್ದಿ ತೀಡಿ ಬರೆಯಿತು: "ತಮ್ಮ ಸೂಚನೆಗೆ ಗೌರವವಿದೆ. ಸಣ್ಣಪುಟ್ಟ ಅನನುಕೂಲಗಳನ್ನು ಗಮನಿಸಬೇಕಾಗಿ ವಿನಂತಿ." ದೊಡ್ಡವರಿಗೆ ಹೀಗೇ ಬರೆಯಬೇಕೇನೋ ಎಂದುಕೊಂಡು ಆಕೆ ಕಳಿಸಿಬಿಟ್ಟಳು. ಉಳಿದವರೂ ಹಾಗೆಯೇ ಮಾಡಿದರು. ಎಲ್ಲರೂ ಒಪ್ಪಿದರೆಂದು ಸಾಹುಕಾರ ಹಿಗ್ಗಿದ. ಧನ್ಯವಾದವನ್ನೂ ಎಐಯಿಂದಲೇ ಬರೆಸಿದ.

ಗೊತ್ತುಮಾಡಿದ ದಿನ ನಸುಕಿನಲ್ಲಿ ಒಬ್ಬರೂ ಬರಲಿಲ್ಲ.

ಸಾಹುಕಾರ ಖಾಲಿ ಮಗ್ಗಗಳನ್ನು ನೋಡಿದ. ಮೊಬೈಲನ್ನು ಮೇಜಿನ ಮೇಲೇ ಬಿಟ್ಟು ಮೊದಲು ನೀಲವ್ವನ ಮನೆಗೆ ನಡೆದ. ಆಕೆ ಬಾಗಿಲಲ್ಲೇ ಅವನನ್ನು ತರಾಟೆಗೆ ತೆಗೆದುಕೊಂಡಳು. ಓಣಿಯ ಜನ ನೆರೆದರು. ಅವನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು, ಆದರೂ ನಿಂತಲ್ಲಿಂದ ಕದಲಲಿಲ್ಲ. ಆಕೆ ಬೈದು ಮುಗಿಸಿದ ಮೇಲೆ, "ತಪ್ಪಾಯಿತವ್ವಾ. ಕೂಸಿಗೆ ಏನು ಮಾಡೋಣ, ನೀನೇ ಹೇಳು" ಎಂದ. ಕಾರ್ಖಾನೆಯ ಪಕ್ಕದ ಕೋಣೆಯಲ್ಲಿ ತೊಟ್ಟಿಲು ಕಟ್ಟಿಸಿ ಎಂದಳು. ಅಂದೇ ಕಟ್ಟಿಸಿದ. ಉಳಿದವರ ಮನೆಗಳಿಗೂ ಹೋದ, ಅಲ್ಲಿಯೂ ನಿಂತು ಕೇಳಿದ. ಮರುದಿನ ನಸುಕಿನಲ್ಲಿ ಮಗ್ಗಗಳು ಆಡತೊಡಗಿದವು.

"ಅಂದರೆ ಅವನ ಮಾತು ಎಐ ಮಾತಿಗಿಂತ ಚೆನ್ನಾಗಿತ್ತು ಅನ್ನಿ" ಎಂದ ಶಿಷ್ಯ.

"ಎಲ್ಲಿಯದು, ಪಾಪ, ತೊದಲುತ್ತಿದ್ದ!" ಎಂದು ಗುರುಗಳು ನಕ್ಕರು. ಆಮೇಲೆ ಅವನನ್ನೇ ನೋಡುತ್ತ ಹೇಳಿದರು: "ಹೇಳುವುದನ್ನು ನಿನ್ನ ಎಐ ಹೇಳೀತಪ್ಪಾ, ಬೈಸಿಕೊಳ್ಳುವುದಕ್ಕೆ ನೀನೇ ಹೋಗಬೇಕು."