ಚಿನ್ನದ ಬಣ್ಣದ ರೀಲಮ್ಮ ಮತ್ತು ಬಾಗಿಲ ಬಳಿಯ ಇಟ್ಟಿಗೆ

“ಮತ್ತೆ ನನ್ನ ಮಾತಿಗೆ ಅಡ್ಡ ಬಂದೆಯಾ?” ಎಂದು ಗಾಳದ ಅಂಗಡಿಯ ರೀಲಮ್ಮ, ಅಂದರೆ ಗಾಳದ ದಾರ ಸುತ್ತುವ ಚಿನ್ನದ ಬಣ್ಣದ ರೀಲು, ಸಿಡುಕಿದಳು. ಅಳಿವೆಯಲ್ಲಿ ಗಾಳ ಹಾಕುವ ಸುಕ್ರಿ ಈಗಷ್ಟೇ ಅವಳನ್ನು ಆರಿಸಿದ್ದಳು. ತಂದಿದ್ದ ದುಡ್ಡಿನ ಬಹುಪಾಲು ರೀಲಮ್ಮನಿಗೇ ಬೇಕಾಗಿ, ಉಳಿಯುವ ಚಿಲ್ಲರೆಗೆ ಕಡ್ಡಿಯಂಥ ಗಾಳದ ಕೋಲೊಂದೇ ಸಿಗುವಂತಿತ್ತು.

“ಬರುತ್ತೇನೆ, ಇನ್ನೂ ನೂರು ಸಲ ಬರುತ್ತೇನೆ,” ಎಂದಿತು ಮೂಲೆಯಲ್ಲಿದ್ದ ಗಟ್ಟಿ ಕೋಲು. “ಅಕ್ಕ, ನಿನ್ನ ಭಾರಕ್ಕೇ ಆ ಬಡಪಾಯಿ ಕಡ್ಡಿ ಕೋಲು ಓಲಾಡುತ್ತಿದೆ. ಮೀನು ಎಳೆದರೆ ಅದರ ಗತಿಯೇನು?”

“ನನ್ನ ಹೊಳಪು ಕಂಡರೆ ಮೀನೇ ಹಾರಿ ಬರುತ್ತದೆ. ನೀನು ಮೂಲೆಯಲ್ಲೇ ಧೂಳು ತಿನ್ನು!”

ಬಾಗಿಲ ಬಳಿಯ ಇಟ್ಟಿಗೆಯನ್ನು ದಾರಕ್ಕೆ ಕಟ್ಟಿ ಎತ್ತಿ ನೋಡಿದ ಮೇಲೆಯೇ ಕೊಳ್ಳುವುದು ಆ ಅಂಗಡಿಯ ರೂಢಿ. ಸುಕ್ರಿ ಎತ್ತಿ ನೋಡಿದಳು. ರೀಲಮ್ಮ ನುಣ್ಣಗೆ ತಿರುಗಿದಳು. ಕಡ್ಡಿ ಕೋಲು ಮಾತ್ರ ಎರಡಾಗಿ ಬಾಗಿ ಚಟಚಟ ಅಂದಿತು; ಇಟ್ಟಿಗೆ ಅಲುಗಲೇ ಇಲ್ಲ.

ಸುಕ್ರಿ ಎರಡನ್ನೂ ಹಿಂದಕ್ಕೆ ಕೊಟ್ಟು, ಮೂಲೆಯ ಗಟ್ಟಿ ಕೋಲಿಗೆ ಸಾದಾ ಕಪ್ಪು ರೀಲು ಹಾಕಿಸಿದಳು. ಈ ಸಲ ಇಟ್ಟಿಗೆ ಮೇಲೆದ್ದಿತು. ಅದೇ ದುಡ್ಡಿನಲ್ಲಿ ಒಳ್ಳೆಯ ದಾರವೂ ಬಂತು.

ಗಾಜಿನ ಪೆಟ್ಟಿಗೆಗೆ ಮರಳಿದ ರೀಲಮ್ಮ ಕಿರುಚಿದಳು: “ನಾನು ಸರಿಯಾಗಿಯೇ ತಿರುಗಿದೆನಲ್ಲ! ಕೋಲು ಕಡ್ಡಿಯಂತಿದ್ದರೆ ಅದು ನನ್ನ ತಪ್ಪೇ?”

ಸುಕ್ರಿಯ ಜೊತೆ ಹೊಸಿಲು ದಾಟುತ್ತಿದ್ದ ಗಟ್ಟಿ ಕೋಲು ತಿರುಗಿ ಕೇಳಿತು: “ಅಕ್ಕ, ಕೋಲಿಗೆ ಸೇರಬೇಕಾಗಿದ್ದ ದುಡ್ಡನ್ನು ನುಂಗಿದವರು ಯಾರು?”