ಹೊರೆ ಎತ್ತಿಸಿದವಳು

“ಅವ್ವಾ, ಹೆಸರು ಗೊತ್ತಿಲ್ಲದವರ ಋಣ ತೀರಿಸುವುದು ಹೇಗೆ?”

ಕೇಳಿದ ಶಿಷ್ಯ ಹಿಂದಿನ ದಿನವಷ್ಟೇ ಬೆಟ್ಟ ಹತ್ತಿ ಇಳಿದು ಬಂದಿದ್ದ. ದಾರಿಯಲ್ಲಿ ಮೂವರು ಜೊತೆಯಾಗಿದ್ದರು. ಒಬ್ಬ ತನ್ನ ಊರುಗೋಲನ್ನೇ ಕೊಟ್ಟಿದ್ದ. ಒಬ್ಬಳು ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟು, ಇಂಥ ಸಣಕಲನನ್ನು ಬೆಟ್ಟಕ್ಕೆ ಕಳಿಸಿದವರು ಯಾರು ಎಂದು ಬೈದಿದ್ದಳು. ಇನ್ನೊಬ್ಬ, ಕಾಲು ಉಳುಕಿದಾಗ ಹೆಗಲು ಕೊಟ್ಟು ಬುಡದವರೆಗೆ ಇಳಿಸಿದ್ದ. ಅಲ್ಲಿಂದ ಎಲ್ಲರೂ ತಂತಮ್ಮ ದಾರಿ ಹಿಡಿದಿದ್ದರು.

“ರಾತ್ರಿಯಿಡೀ ನಿದ್ದೆ ಬರಲಿಲ್ಲ,” ಎಂದ ಶಿಷ್ಯ.

“ಋಣದಿಂದಲೋ, ಕಾಲುನೋವಿನಿಂದಲೋ?” ಎಂದು ಅವ್ವ ಕೇಳಿದಳು. ಅವಳೇ ಅವನ ಗುರು, ಹತ್ತಾರು ಸೀಮೆ ತಿರುಗಿದ ಹೆಂಗಸು. ಯಾವ ಊರಿನಲ್ಲೂ ಎರಡು ಮಳೆಗಾಲ ನಿಂತವಳಲ್ಲ. ಕಾಲು ಚಾಚಿ ಕೂತು ಹೇಳತೊಡಗಿದಳು.

ಉಪ್ಪು ಮಾರುವವಳೊಬ್ಬಳು ಘಟ್ಟ ಹತ್ತುತ್ತಿದ್ದಳು. ಕೆಳಗಿನ ಸೀಮೆಯ ಉಪ್ಪನ್ನು ಮೇಲಿನ ಸೀಮೆಗೆ ಹೊತ್ತುಕೊಂಡು ಹೋಗಿ, ಬದಲಿಗೆ ರಾಗಿ ತರುವುದು ಅವಳ ಕಸುಬು. ಮಳೆಗಾಲದಲ್ಲಿ ಘಟ್ಟದ ದಾರಿ ಮುಚ್ಚುತ್ತದೆ. ಆಗ ಅವಳ ಮಕ್ಕಳು ಉಣ್ಣಬೇಕಾದದ್ದು ಆ ರಾಗಿಯನ್ನೇ.

ಅಂದು ಮಂಜು ಕವಿದು ಅವಳಿಗೆ ದಾರಿ ತಪ್ಪಿತ್ತು. ಬಹಳ ಹೊತ್ತು ಅಲೆದ ಮೇಲೆ, ಹುಣಸೆಹಣ್ಣಿನ ಹೆಡಿಗೆ ಹೊತ್ತ ಮುದುಕಿಯೊಬ್ಬಳು ಎದುರಾದಳು. ಉಪ್ಪಿನವಳು ಅಬ್ಬಾ ಎಂದು ತನ್ನ ಮೂಟೆಯನ್ನು ನೆಲಕ್ಕಿಳಿಸಿ, ದಾರಿ ಕೇಳಿದಳು.

“ದಾರಿ ಆಮೇಲೆ ಹೇಳುತ್ತೇನೆ. ಹೊರೆ ಯಾಕೆ ಇಳಿಸಿದೆಯೇ, ಹುಚ್ಚಿ?” ಎಂದಳು ಮುದುಕಿ.

ಘಟ್ಟದ ದೊಡ್ಡ ದಾರಿಯಲ್ಲಿ ಅಲ್ಲಲ್ಲಿ ಎದೆಯೆತ್ತರದ ಕಲ್ಲು ನಿಲ್ಲಿಸಿರುತ್ತಾರೆ. ಅದರ ಮೇಲಿಟ್ಟ ಹೊರೆಯನ್ನು ಮತ್ತೆ ತಾನೇ ತಲೆಗೇರಿಸಿಕೊಳ್ಳಬಹುದು. ದಾರಿ ಬಿಟ್ಟ ಮೇಲೆ ಕಲ್ಲೂ ಇಲ್ಲ, ಕಟ್ಟೆಯೂ ಇಲ್ಲ. ಬರಿ ನೆಲಕ್ಕಿಳಿಸಿದ ಹೊರೆಯನ್ನು ಎತ್ತಿಸಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರ ತಲೆಯ ಮೇಲೂ ಹೊರೆಯಿದ್ದರೆ ಅವರು ಮೊದಲು ಅದನ್ನು ಇಳಿಸಬೇಕು. ಎತ್ತಿಸಿದ ಮೇಲೆ ಅವರ ಹೊರೆ ನೆಲದಲ್ಲೇ ಉಳಿಯುತ್ತದೆ. ತಲೆಯ ಮೇಲೆ ಹೊರೆ ಹೊತ್ತವರು ಬಗ್ಗಿ ಎತ್ತಿಸಲಾರರು. ಹೊರೆ ಹೊರುವವರೆಲ್ಲರಿಗೂ ಇದು ಗೊತ್ತು. ಉಪ್ಪಿನವಳಿಗೂ ಗೊತ್ತಿತ್ತು. ಮನುಷ್ಯರ ಮುಖವೊಂದು ಕಂಡ ಸಂತೋಷದಲ್ಲಿ ಮರೆತಿದ್ದಳು.

ಸಣ್ಣಗೆ ಹನಿಯತೊಡಗಿತು. ಉಪ್ಪು ಕರಗುವ ಮೊದಲು ಮೇಲಿನ ಛತ್ರ ಸೇರಬೇಕಿತ್ತು. ಮುದುಕಿ ಗೊಣಗುತ್ತಲೇ ತನ್ನ ಹೆಡಿಗೆ ಇಳಿಸಿದಳು. ಇಬ್ಬರೂ ಸೇರಿ ಮೂಟೆ ಎತ್ತಿ ಉಪ್ಪಿನವಳ ತಲೆಯ ಸಿಂಬಿಯ ಮೇಲೆ ಕೂರಿಸಿದರು.

“ಅಜ್ಜೀ, ನಿನಗೆ ಯಾರು ಎತ್ತಿಸುತ್ತಾರೆ?”

“ಯಾರಾದರೂ ಬರುತ್ತಾರೆ. ಈ ಬೆಟ್ಟವನ್ನು ನಿನ್ನೊಬ್ಬಳಿಗೇ ಬರೆದುಕೊಟ್ಟಿದ್ದಾರೇನು? ಒಣಗಿದ ತೊರೆ ಸಿಗುತ್ತದೆ, ಅದರ ಎಡಕ್ಕೆ ಹತ್ತು. ನಡಿ ನಡಿ, ನಿನ್ನ ಉಪಚಾರ ಮುಗಿಯುವಷ್ಟರಲ್ಲಿ ಉಪ್ಪು ಕರಗೀತು.”

ಉಪ್ಪಿನವಳು ನಡೆದಳು. ತಲೆಯ ಮೇಲೆ ಹೊರೆಯಿದ್ದವಳಿಗೆ ತಿರುಗಿ ನೋಡುವುದೂ ಸುಲಭವಲ್ಲ. ಹೆಸರು ಕೇಳಬೇಕಿತ್ತೆಂದು ಹೊಳೆಯುವ ಹೊತ್ತಿಗೆ ನಡುವೆ ಮಂಜು ಬಂದಿತ್ತು.

ಆ ಮಳೆಗಾಲ ಅವಳ ಮಕ್ಕಳು ಎರಡು ಹೊತ್ತೂ ಉಂಡರು. ಮುದ್ದೆ ತಿರುವುವಾಗಲೆಲ್ಲ ಅವಳು ಮುದುಕಿಯನ್ನು ನೆನೆದಳು. ಮರುವರ್ಷ ಒಳ್ಳೆಯ ಹರಳುಪ್ಪನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡು ಘಟ್ಟದ ಊರುಗಳಲ್ಲೆಲ್ಲ ವಿಚಾರಿಸಿದಳು. ಹುಣಸೆಹಣ್ಣು ಹೊರುವ ಮುದುಕಿಯರು ಊರಿಗೆ ನಾಲ್ವರಿದ್ದರು. ಬೈಯುವುದರಲ್ಲಿ ಎಲ್ಲರೂ ಸರಿಸಮಾನರೇ. ಅವಳು ಹುಡುಕುತ್ತಿದ್ದವಳು ಮಾತ್ರ ಸಿಗಲಿಲ್ಲ. ಹೀಗೆ ಆರು ವರ್ಷ ಹುಡುಕಿದಳು.

ಏಳನೆಯ ವರ್ಷ, ಮಳೆಗೆ ಮುಂಚಿನ ಕೊನೆಯ ಸುತ್ತು. ಆಕಾಶ ಕಪ್ಪಾಗಿತ್ತು. ಬೇಗ ಛತ್ರ ಸೇರಬೇಕೆಂದು ಅವಳು ಕಲ್ಲುಗಳಿಲ್ಲದ ಒಳದಾರಿ ಹಿಡಿದಳು. ಅಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ದಣಿದು, ಹೊರೆಯನ್ನು ನೆಲಕ್ಕಿಳಿಸಿ, ಅದರ ಪಕ್ಕ ಕೂತಿದ್ದ. ಅವನ ಗುರುತು ಅವಳಿಗೆ ಚೆನ್ನಾಗಿಯೇ ಇತ್ತು. ಉಪ್ಪಿಗೆ ಮರಳು ಬೆರೆಸುತ್ತಾಳೆಂದು ಸಂತೆಯಲ್ಲಿ ಹತ್ತು ಜನರ ಮುಂದೆ ಅವಳನ್ನು ಹೀಯಾಳಿಸಿದವನು ಅವನೇ.

ಅವಳು ನಿಂತಳು. ಎತ್ತಿಸಿದರೆ ತಾನು ಉಳಿಯಬೇಕು. ಉಳಿದರೆ ಮಳೆ ಬರುತ್ತದೆ. ಉಪ್ಪು ಹೋದರೆ ರಾಗಿಯಿಲ್ಲ.

ವ್ಯಾಪಾರಿ ತಲೆಯೆತ್ತಿ ನೋಡಿದ. “ಓಹೋ, ನೀನಾ? ಹೋಗಮ್ಮ, ಹೋಗು. ನೀನು ಎತ್ತಿಸುವವಳಲ್ಲ.”

“ಬಾಯಿ ಮುಚ್ಚಿಕೊಂಡು ಸಿಂಬಿ ಸರಿಮಾಡಿಕೊ,” ಎಂದು ಅವಳು ತನ್ನ ಮೂಟೆ ಇಳಿಸಿದಳು.

ಇಬ್ಬರೂ ಸೇರಿ ಬೆಲ್ಲದ ಹೊರೆಯನ್ನು ಅವನ ತಲೆಗೇರಿಸಿದರು. “ಎಡಕ್ಕೆ ವಾಲಿದೆ,” ಎಂದ ವ್ಯಾಪಾರಿ. ಅವಳು ಸರಿಮಾಡಿದಳು. ಅವನು ಮತ್ತೇನೂ ಹೇಳದೆ ನಡೆದುಬಿಟ್ಟ.

ಅವಳು ಮೂಟೆಗೆ ತನ್ನ ಕಂಬಳಿ ಹೊದಿಸಿ, ತಾನು ಬರಿ ತಲೆಯಲ್ಲಿ ಕೂತಳು. ಮಳೆ ಬಂತು. ಸ್ವಲ್ಪ ಹೊತ್ತಿಗೆ ಮೂಟೆಯ ಅಡಿಯಿಂದ ಉಪ್ಪುನೀರು ಹರಿದು ಅವಳ ಪಾದ ತೋಯಿಸಿತು. ಆರು ವರ್ಷ ಊರೂರು ಹುಡುಕಿದರೂ ತೀರದ ಋಣ, ಕೂತಲ್ಲಿಯೇ ತೀರುತ್ತಿತ್ತು. ಮುದುಕಿಯೂ ಅಂದು ಹೀಗೆಯೇ ಕೂತಿದ್ದಳಲ್ಲವೇ ಎಂದು ನೆನೆದು, ಅವಳು ಮಳೆಯಲ್ಲೇ ಕೈಮುಗಿದಳು.

ಅವ್ವ ಮಾತು ನಿಲ್ಲಿಸಿದಳು.

“ಆಮೇಲೆ, ಅವ್ವಾ? ಅವಳ ಹೊರೆ ಎತ್ತಿಸಲು ಯಾರಾದರೂ ಬಂದರೇ?”

“ಎಲ್ಲಿ ಬಂದ? ಬರಬೇಕಾದವನು ಇಲ್ಲೇ ಕೂತು ಕತೆ ಕೇಳುತ್ತಿದ್ದಾನಲ್ಲ.”